ಓರಗಿತ್ತಿಯ ಕುರ್ಚಿಗಳು

ಐದೇ ಐದು ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ಅರ್ಚನಳಿಗೆ ಬಂದದ್ದು ಐನೂರ ಎಪ್ಪತ್ತೊಂದು, ಶಶಿರೇಖಳಿಗೆ ಐನೂರ ಅರವತ್ತಾರು. ಅಣ್ಣತಮ್ಮಂದಿರ ಮಕ್ಕಳು ಇಬ್ಬರೂ. ಚಿಕ್ಕನತ್ತದಿಂದ ಒಂದೇ ಬಸ್ಸಿಗೆ ಬೂದಿಕೋಟೆ ಹೈಸ್ಕೂಲಿಗೆ ಹೋಗಿ ಬಂದವರು, ಒಂದೇ ಗೈಡನ್ನು ಎರಡು ಹೋಳು ಮಾಡಿಕೊಂಡು ಓದಿದವರು, ಒಬ್ಬರ ತಲೆಯ ಹೇನನ್ನು ಇನ್ನೊಬ್ಬರು ತೆಗೆದವರು. ಆ ಐದು ಅಂಕವನ್ನು ಹುಡುಗಿಯರು ಎರಡು ದಿನದಲ್ಲಿ ಮರೆತರು. ಮರೆಯದೆ ಕೂತವಳು ಶಶಿರೇಖಳ ತಾಯಿ ಇಂದ್ರಾಣಿ.

ಇಂದ್ರಾಣಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಸುಮಲತ ಈ ಮನೆಗೆ ಕಿರಿಸೊಸೆಯಾಗಿ ಬಂದ ದಿನವೇ ಅದು ಹೊತ್ತಿಕೊಂಡಿತ್ತು. ಸುಮಲತ ಮಾಡಿದ ಹುರುಳಿ ಸಾರನ್ನು ಅತ್ತೆ ಮಾರಿಯಮ್ಮ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು. ಇಂದ್ರಾಣಿ ಮಾಡಿದರೆ ಒಂದೇ ಸಲ. ಸುಮಲತ ನಕ್ಕರೆ ಊರಿಗೇ ಚೆಂದ, ಇಂದ್ರಾಣಿ ನಕ್ಕರೆ ಯಾಕೆ ನಕ್ಕಳು ಅಂತ ವಿಚಾರಣೆ. ಆಮೇಲೆ ಮನೆ ಪಾಲಾಗಿ ನಡುವೆ ಗೋಡೆ ಎದ್ದಿತು. ಸುಮಲತಳ ಗಂಡ ಸುಬ್ರಮಣಿ ಎರಡು ವರ್ಷದ ಹಿಂದೆ ಕೆಜಿಎಫ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಸೆಂಟ್ರಿಂಗ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತ. ಸುಮಲತ ಅವರಿವರ ತೋಟದಲ್ಲಿ ಟೊಮ್ಯಾಟೊ ಬಿಡಿಸುವ ಕೂಲಿಗೆ ಬಿದ್ದಳು. ಇತ್ತ ಇಂದ್ರಾಣಿಯ ಗಂಡ ವಿಜಯಕುಮಾರ್ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಹೋಗಿ ಬರುತ್ತಿದ್ದ, ಎರಡು ಹಸು ಡೇರಿಗೆ ಹಾಲು ಕೊಡುತ್ತಿದ್ದವು. ಹಾಗೆ ನೋಡಿದರೆ ಹೊಟ್ಟೆ ಉರಿಯಬೇಕಾದದ್ದು ಸುಮಲತಳದು. ಆದರೆ ಆ ಹೆಂಗಸಿಗೆ ಉರಿಯುತ್ತಲೇ ಇರಲಿಲ್ಲ. ಇಂದ್ರಾಣಿ ಹೊಸ ಬೀರು ತಂದಾಗ ಅದಕ್ಕೆ ಕುಂಕುಮ ಇಟ್ಟು ಕಣ್ಣಿಗೊತ್ತಿಕೊಂಡವಳೇ ಅವಳು. ಇಂದ್ರಾಣಿಗೆ ಅದೂ ಸಹಿಸಲಾಗಲಿಲ್ಲ.

ಈ ಉರಿಗೆ ಇನ್ನೊಂದು ಬೇರಿತ್ತು. ಇಂದ್ರಾಣಿ ಹುಟ್ಟಿ ಬೆಳೆದದ್ದು ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನು ಮನೆಗಳಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದ. ಒಂಬತ್ತನೇ ಕ್ಲಾಸಿನಲ್ಲಿ ಅವಳೇ ಮೊದಲು, ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಟೀಚರು ಅವಳನ್ನೇ ಕರೆಯುತ್ತಿದ್ದರು. ಅದೇ ವರ್ಷ ಗಣಿ ಮುಚ್ಚಿತು. ಅಪ್ಪ ಒಂದು ದಿನ ತಮಿಳಿನಲ್ಲಿ, “ಪೋದುಂ ಪಾಪಾ” ಎಂದ. ಸಾಕು ಮಗಳೇ ಅಂತ. ಅಷ್ಟೇ, ಶಾಲೆ ಮುಗಿಯಿತು. ಯಾರೂ ಬಂದು ಅವಳ ಮನೆಯ ಬಾಗಿಲು ತಟ್ಟಿ, ಈ ಹುಡುಗಿಯನ್ನು ನಾವು ಓದಿಸುತ್ತೇವೆ ಎನ್ನಲಿಲ್ಲ. ಆ ಮಾತಿಗಾಗಿ ಅವಳು ಇಪ್ಪತ್ತನಾಲ್ಕು ವರ್ಷದಿಂದ ಕಾಯುತ್ತಿದ್ದಳು. ತನಗೆ ಸಿಗದಿದ್ದರೆ ಹೋಗಲಿ, ಮಗಳಿಗೆ.

ಈಗ ತಟ್ಟಲು ಬಂದರು, ಆದರೆ ಗೋಡೆಯ ಆಚೆ ಬದಿಯ ಬಾಗಿಲನ್ನು.

ಬೆಂಗಳೂರಿನ ಒಂದು ಟ್ರಸ್ಟಿನವರು ಊರಿಗೊಬ್ಬಳಂತೆ ಬಡವರ ಮನೆಯ ಹುಡುಗಿಯನ್ನು ಆರಿಸಿ, ಬಂಗಾರಪೇಟೆಯಲ್ಲಿ ಹಾಸ್ಟೆಲಿನಲ್ಲಿಟ್ಟು ಎರಡು ವರ್ಷ ಪಿಯುಸಿ ಓದಿಸುತ್ತಿದ್ದರು. ಫೀಸು, ಪುಸ್ತಕ, ಊಟ, ಟ್ಯೂಷನ್ನು ಎಲ್ಲ ಅವರದೇ. ಚಿಕ್ಕನತ್ತದ ಪಟ್ಟಿಯಲ್ಲಿ ಮೊದಲ ಹೆಸರು ಅರ್ಚನ, ಎರಡನೆಯದು ಶಶಿರೇಖ. ಮೊದಲ ಹೆಸರು ಸಿಕ್ಕರೆ ಎರಡನೆಯದಕ್ಕೆ ಏನೂ ಇಲ್ಲ. ಮಾರಿಯಮ್ಮ ಬೀದಿಯುದ್ದಕ್ಕೂ ಸಕ್ಕರೆ ಹಂಚಿದಳು. ಇಂದ್ರಾಣಿಯ ಅಂಗೈಗೂ ಒಂದು ಚಿಟಿಕೆ ಬಿತ್ತು. ಬಾಯಿಗೆ ಹಾಕಿಕೊಂಡಳು, ಸಿಹಿಯೇ ಆಗಲಿಲ್ಲ.

ಒಂದು ಸೋಮವಾರ ಸಂಜೆ ಡೇರಿಯ ಮುಂದೆ ಹೈಸ್ಕೂಲಿನ ಕದಿರಪ್ಪ ಮೇಷ್ಟ್ರು ಸ್ಕೂಟರ್ ನಿಲ್ಲಿಸಿದರು. ಇಂದ್ರಾಣಿ ಹಾಲು ಹಾಕಿಸಿ ಬರುತ್ತಿದ್ದಳು, ಜತೆಗೆ ಖಾಲಿ ಕ್ಯಾನು ಹಿಡಿದ ಶಶಿರೇಖ.

“ಸುಮಲತ ಸಿಗ್ಲಿಲ್ಲ ಕಣಮ್ಮ, ಸುಬ್ರಮಣಿನೂ ಎಲ್ಲೋ ಓಗವ್ನೆ, ಮನೆ ಬೀಗ ಆಕಿತ್ತು,” ಎಂದರು ಮೇಷ್ಟ್ರು. “ಗುರುವಾರ ಟ್ರಸ್ಟಿನ ಮೇಡಂ ಮನೆ ನೋಡೋಕೆ ಬತ್ತಾರೆ. ನೀನೇ ಏಳ್ಬಿಡು. ಏನೂ ಸಿಂಗಾರ ಮಾಡೋದ್ ಬೇಡ, ಮನೆ ಎಂಗೈತೋ ಅಂಗೇ ಇರ್ಲಿ. ಸುಬ್ರಮಣಿ ಮನೇಲೇ ಇರ್ಬೇಕು, ಕಾಲು ತೋರಿಸ್ಬೇಕು. ಆಸ್ಪತ್ರೆ ಚೀಟಿನೂ ತೆಗ್ದಿಟ್ಕೊಳ್ಳಲಿ. ಬಡವ್ರು ಅಂತ ಅವ್ರ ಕಣ್ಣಿಗೆ ಕಾಣ್ಬೇಕಲ್ಲ, ಅದ್ಕೆ.”

“ಏಳ್ತೀನಿ ಸಾರ್,” ಎಂದಳು ಇಂದ್ರಾಣಿ.

ಹೇಳಬೇಕೆಂದೇ ಇದ್ದಳು. ಅದನ್ನು ನಂಬಿ. ಮರುದಿನ ಬೆಳಿಗ್ಗೆ ಬೋರ್‌ವೆಲ್ಲಿನ ಹತ್ತಿರ ಸುಮಲತ ಸಿಕ್ಕಾಗ, “ಗುರುವಾರ ಮೇಡಂ ಬತ್ತಾರಂತೆ ಕಣೆ, ನಿಮ್ಮನೆ ನೋಡೋಕೆ” ಎಂದಳು. ಮುಂದಿನ ಮಾತು ಗಂಟಲಲ್ಲೇ ಇತ್ತು. ಅಷ್ಟರಲ್ಲಿ ಸುಮಲತ ಬಿಂದಿಗೆಯನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಕೆನ್ನೆ ಮುಟ್ಟಿಕೊಂಡು ಚಿಕ್ಕ ಹುಡುಗಿಯಂತೆ ನಕ್ಕಳು. ಆ ನಗು ಕಂಡದ್ದೇ ಇಂದ್ರಾಣಿಯ ಬಾಯಿಗೆ ಬೀಗ ಬಿತ್ತು. ನಗಲಿ. ಎಷ್ಟು ನಗುತ್ತಾಳೋ ನಗಲಿ ಅನ್ನಿಸಿತು.

“ಅಯ್ಯೋ ಅಕ್ಕ, ಎಣ್ಣು ನೋಡೋಕೆ ಬಂದಂಗೇ ಆಯ್ತಲ್ಲ,” ಎಂದಳು ಸುಮಲತ. “ನಮ್ಮನೇಲಿ ಕೂರ್ಸೋಕೆ ಒಂದು ಕುರ್ಚಿನೂ ಇಲ್ಲ. ನಿಮ್ಮನೇವು ಎರಡು ಕೊಡ್ತೀಯಾ?”

ಆ ಸೀಮೆಯ ರಿವಾಜೇ ಅದು. ಹೆಣ್ಣು ನೋಡಲು ಜನ ಬರುತ್ತಾರೆಂದರೆ ಒಂದು ಮನೆಯಿಂದ ಕುರ್ಚಿ, ಇನ್ನೊಂದು ಮನೆಯಿಂದ ಸ್ಟೀಲ್ ಲೋಟ, ಓರಗಿತ್ತಿಯ ಕೊರಳಿಂದ ಸರ. ಬಂದವರಿಗೂ ಅದು ಗೊತ್ತಿರುತ್ತದೆ, ಅವರ ಮನೆಯಲ್ಲೂ ಹಾಗೇ ನಡೆದಿರುತ್ತದೆ. ಯಾರೂ ಇದು ಯಾರದು ಅಂತ ಕೇಳುವುದಿಲ್ಲ. ಕೇಳಿ ತಂದು ಸಿಂಗರಿಸುವುದೇ ಬಂದವರಿಗೆ ತೋರಿಸುವ ಮರ್ಯಾದೆ. ಬೆಂಗಳೂರಿನ ಮೇಡಂ ಈ ಮರ್ಯಾದೆಯ ಲೆಕ್ಕದಲ್ಲಿ ಇಲ್ಲ ಅನ್ನುವುದು ಸುಮಲತಳಿಗೆ ಹೇಗೆ ಹೊಳೆಯಬೇಕು? ಹೊಳೆಯಿಸಬೇಕಾದವಳು ಎದುರಿಗೇ ನಿಂತಿದ್ದಳು.

“ಎರಡ್ಯಾಕೆ, ನಾಲ್ಕೂ ತಗೊಂಡೋಗು,” ಎಂದಳು ಇಂದ್ರಾಣಿ.

ಅವಳ ಬಾಯಿಂದ ಆ ಮಾತು ಎಷ್ಟು ಹಗುರವಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಕೊಡುವುದರಲ್ಲಿ ಇಂಥ ಸುಖವಿದೆಯೆಂದು ಅವಳಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಒಂದು ಲೋಟ ಸಕ್ಕರೆ ಕೊಡಬೇಕಾದರೂ ಬೆರಳಿನಿಂದ ಮೇಲ್ಭಾಗ ಸವರಿ ಕೊಡುತ್ತಿದ್ದವಳು ಬುಧವಾರ ಸಂಜೆ ಕೈ ಎತ್ತಿ ಕೊಡಲು ನಿಂತಳು. ಕುರ್ಚಿ ನಾಲ್ಕು. ಆರು ಸ್ಟೀಲ್ ಲೋಟ, ತಟ್ಟೆ. ಸ್ಟ್ಯಾಂಡ್ ಫ್ಯಾನು. ಮಿಕ್ಸಿ.

“ಮಿಕ್ಸಿ ಯಾಕಕ್ಕ, ಅವ್ರೇನು ಚಟ್ನಿ ಕೇಳ್ತಾರಾ?” ಎಂದು ಸುಮಲತ ನಾಚಿದಳು.

“ಇರ್ಲಿ ಇಡೇ, ಕಂಡ್ರೆ ಚೆಂದ. ಟಿವಿನೂ ತಗೊಂಡೋಗು. ಬರೀ ಗೋಡೆ ನೋಡ್ಕೊಂಡು ಕೂರ್ತಾರಾ ಅವ್ರು?”

ಟಿವಿಯನ್ನು ಹುಡುಗಿಯರಿಬ್ಬರೂ ಮಗುವನ್ನು ಹೊತ್ತಂತೆ ಹೊತ್ತುಕೊಂಡು ಹೋದರು. ಕೊನೆಗೆ ಬೀರುವನ್ನೂ ಖಾಲಿ ಮಾಡಿ, ಅಡಿಗೆ ಗೋಣಿಚೀಲ ಹಾಕಿ, ನಾಲ್ಕು ಜನ ಹೆಣ್ಣುಮಕ್ಕಳು ಎಳೆದುಕೊಂಡು ಹೋಗಿ ಸುಮಲತಳ ಮನೆಯ ಬಾಗಿಲಿಗೆ ಎದುರಾಗಿ ನಿಲ್ಲಿಸಿದರು. ಶಶಿರೇಖ ಬೀರುವಿನ ಒಂದು ಮೂಲೆಯನ್ನು ಹಿಡಿದುಕೊಂಡೇ ಅಮ್ಮನ ಮುಖ ನೋಡಿದಳು. ಡೇರಿಯ ಮುಂದೆ ಮೇಷ್ಟ್ರು ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.

“ಅಮ್ಮ, ಮೇಷ್ಟ್ರು ಏಳಿದ್ದು…” ಎಂದಳು, ಮನೆಗೆ ಬಂದ ಮೇಲೆ.

“ಏಳಿದೀನಿ. ಅವಳಿಗೆ ಇಂಗೇ ಬೇಕಂತೆ. ನೀನ್ ಸುಮ್ನಿರು,” ಎಂದಳು ಇಂದ್ರಾಣಿ.

ಶಶಿರೇಖ ಸುಮ್ಮನಾದಳು. ಅವಳಿಗೂ ಹಾಸ್ಟೆಲಿಗೆ ಹೋಗುವ ಆಸೆ ಇತ್ತು. ಸೈನ್ಸ್ ಓದಿ ಲ್ಯಾಬ್ ಟೆಕ್ನೀಷಿಯನ್ ಆಗಬೇಕೆಂದು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಳು. ಆಸೆ ಇರುವವರಿಗೆ ಸುಮ್ಮನಿರುವುದು ಅಷ್ಟು ಕಷ್ಟವಲ್ಲ.

ಗುರುವಾರ ಬೆಳಿಗ್ಗೆ ಇಂದ್ರಾಣಿ ತನ್ನ ಸರವನ್ನೂ ಬಿಚ್ಚಿದಳು. ಒಂದೂವರೆ ಸವರನ್ನಿನ ಸರ, ಅಪ್ಪ ಗಣಿಯ ಕೊನೆಯ ದುಡ್ಡಿನಲ್ಲಿ ಮಾಡಿಸಿಟ್ಟಿದ್ದು. ಅದನ್ನು ತಾನೇ ಅರ್ಚನಳ ಕೊರಳಿಗೆ ಹಾಕಿ, ಜಡೆಯನ್ನು ಎತ್ತಿ ಕೊಕ್ಕೆ ಸಿಕ್ಕಿಸಿದಳು. ಹುಡುಗಿಯ ಕತ್ತು ತೆಳ್ಳಗೆ, ಬೆಚ್ಚಗೆ ಇತ್ತು. ಇಂದ್ರಾಣಿಯ ಬೆರಳು ಒಂದು ಗಳಿಗೆ ತಡೆಯಿತು. ಐನೂರ ಎಪ್ಪತ್ತೊಂದು, ಎಂದುಕೊಂಡಳು. ಕೊಕ್ಕೆ ಸಿಕ್ಕಿತು.

ಸುಮಲತಳ ಕಣ್ಣು ತುಂಬಿ ಬಂತು. “ನಮ್ಮಮ್ಮನೂ ನಂಗೆ ಇಷ್ಟು ಮಾಡ್ತಿರ್ಲಿಲ್ಲ ಅಕ್ಕ.”

“ಅದೆಲ್ಲ ಇರ್ಲಿ, ನಿನ್ ಗಂಡನ್ನ ಏನ್ ಮಾಡ್ತೀಯಾ?” ಎಂದಳು ಇಂದ್ರಾಣಿ. “ಬಂದವ್ರ ಮುಂದೆ ಆಯಪ್ಪ ಕೋಲು ಊರ್ಕೊಂಡು ಕುಂಟ್ತಾ ಓಡಾಡಿದ್ರೆ ಚೆನ್ನಾಗಿರ್ತದಾ? ಅತ್ತೆ ಜತೆ ಕೆರೆ ಕಡೆ ಕಳಿಸ್ಬಿಡು. ಅಸುನೂ ಒಡ್ಕೊಂಡು ಓಗ್ಲಿ.”

ಸುಮಲತಳಿಗೆ ಅದೂ ಸರಿ ಎನಿಸಿತು. ಹೆಣ್ಣು ನೋಡಲು ಬಂದಾಗ ಮನೆಯ ಕುಂದನ್ನೆಲ್ಲ ಹಿತ್ತಲಿಗೆ ಕಳಿಸುತ್ತಾರಲ್ಲ. ಸುಬ್ರಮಣಿ ಕೋಲು ಊರಿಕೊಂಡು ತಾಯಿಯ ಹಿಂದೆ, ಅಣ್ಣನ ಹಸುಗಳ ಹಿಂದೆ ಹೊರಟ. ಮಗಳ ಒಳ್ಳೆಯದಕ್ಕೆ ಅಂದರೆ ಅವನು ಆಂಧ್ರದ ಗಡಿಯವರೆಗೂ ನಡೆಯುವವನೇ.

ಮೇಡಂ ಬಂದದ್ದು ಹನ್ನೊಂದು ಗಂಟೆಗೆ. ಸುಕನ್ಯ ಅಂತ ಹೆಸರು, ಮೂವತ್ತರ ಹೆಂಗಸು, ಕಾಟನ್ ಚೂಡಿದಾರ, ಕೈಯಲ್ಲಿ ಫೋನು. ಇಂದ್ರಾಣಿ ತನ್ನ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುವ ನೆಪದಲ್ಲಿ ಕಿವಿಯನ್ನು ಆಚೆ ಮನೆಗೆ ಇಟ್ಟಳು.

ಮೇಡಂ ಕುರ್ಚಿಯಲ್ಲಿ ಕೂತರು. ಫ್ಯಾನು ತಿರುಗಿತು. ಸ್ಟೀಲ್ ಲೋಟದಲ್ಲಿ ಹಾರ್ಲಿಕ್ಸ್ ಬಂತು, ತಟ್ಟೆಯಲ್ಲಿ ಕ್ರೀಮ್ ಬಿಸ್ಕತ್ತು. ಅರ್ಚನ ಸರ ಹಾಕಿಕೊಂಡು, ಹೂ ಮುಡಿದುಕೊಂಡು, ತಲೆ ತಗ್ಗಿಸಿ ನಿಂತಳು. ಥೇಟ್ ಮದುವೆ ಹೆಣ್ಣು.

“ಯಜಮಾನ್ರು ಏನು ಕೆಲಸ ಮಾಡ್ತಾರೆ?” ಮೇಡಂ ಕೇಳಿದರು.

“ಮೇಸ್ತ್ರಿ ಮೇಡಂ, ಕೆಜಿಎಫ್ ಕಡೆ. ಕೆಲ್ಸಕ್ಕೋಗವ್ರೆ,” ಎಂದಳು ಸುಮಲತ.

“ಈ ಟಿವಿ, ಬೀರು ಎಲ್ಲ ನಿಮ್ಮದೇನಾ?”

ಸುಮಲತ ಒಂದು ಕ್ಷಣ ತಡವರಿಸಿದಳು. ಹೆಣ್ಣು ನೋಡಲು ಬಂದವರು ಹೀಗೆ ಕೇಳುವುದಿಲ್ಲ. ಆದರೆ ಕೇಳಿದ ಮೇಲೆ ಇಲ್ಲ ಅನ್ನುವುದು ಮನೆತನಕ್ಕೆ ಕಡಿಮೆಯಲ್ಲವೇ. “ನಮ್ದೇ ಮೇಡಂ,” ಎಂದಳು.

ಇತ್ತ ಇಂದ್ರಾಣಿಗೆ ಆ ಮಾತು ಚುರುಕ್ಕೆಂದಿತು. ಉಪಾಯ ಫಲಿಸುತ್ತಿದೆ ಅಂತ ಖುಷಿಪಡಬೇಕಾದವಳು, ಎಲಾ ಇವಳ, ನನ್ನ ಟಿವಿಯನ್ನು ತನ್ನದೇ ಅಂತಾಳಲ್ಲ ಎಂದು ಕುದಿದಳು. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ. ಮೇಡಂ ಫೋನು ಎತ್ತಿ ಟಿವಿಯದೊಂದು, ಬೀರುವಿನದೊಂದು, ಹುಡುಗಿಯ ಕೊರಳಿನದೊಂದು ಫೋಟೋ ತೆಗೆದರು. ಸುಮಲತ ಫೋಟೋಗೆ ಸೆರಗು ಸರಿಮಾಡಿಕೊಂಡಳು.

ಆಮೇಲೆ ನಡೆದದ್ದು ಇಂದ್ರಾಣಿಯ ಲೆಕ್ಕದಲ್ಲೂ ಇರಲಿಲ್ಲ. ಮೇಡಂ ಹೊರಗೆ ಬಂದವರು ಫೋನಿನಲ್ಲಿ ಪಟ್ಟಿ ನೋಡಿ, “ಶಶಿರೇಖ ಅನ್ನೋ ಹುಡುಗಿ ಮನೆ ಯಾವುದು? ಎರಡನೇ ಹೆಸರು ಅವಳದು, ಬಂದಾಗಲೇ ನೋಡಿಕೊಂಡು ಹೋಗ್ತೀನಿ” ಎಂದರು.

ಇಂದ್ರಾಣಿ ಮೊರವನ್ನು ಕೆಳಗಿಟ್ಟು ಒಳಗೆ ಓಡಿ ನೋಡಿದಳು. ಬಟಾಬಯಲು. ಟಿವಿ ಇದ್ದ ಗೋಡೆಯಲ್ಲಿ ಎರಡು ಮೊಳೆ. ಬೀರು ಇದ್ದ ಕಡೆ ನೆಲದ ಮೇಲೆ ಒಂದು ಚೌಕ ಧೂಳು. ಬೀರುವಿನಲ್ಲಿದ್ದ ಸೀರೆ, ರವಿಕೆ, ಚೀಟಿ ಚಪಾಟಿ ಎಲ್ಲ ಒಂದು ಹಳೇ ಬೆಡ್‌ಶೀಟಿನಲ್ಲಿ ಗಂಟಾಗಿ ಮೂಲೆಯಲ್ಲಿ ಕೂತಿದ್ದವು. ಮೇಡಂ ಒಳಗೆ ಬಂದು ಕೂರಲು ಏನಾದರೂ ಇದೆಯಾ ಎಂದು ಸುತ್ತ ನೋಡಿದರು. ಇಂದ್ರಾಣಿ ಚಾಪೆ ಹಾಸಿದಳು. ನೀರು ಕೊಡಲು ಒಳ್ಳೆಯ ಲೋಟವೂ ಇರಲಿಲ್ಲ, ಬಣ್ಣ ಹೋದ ಪ್ಲಾಸ್ಟಿಕ್ ಚೊಂಬಿನಲ್ಲಿ ಕೊಟ್ಟಳು. ಕೊಡುವಾಗ ಅವಳಿಗೆ ನಿಜವಾಗಿಯೂ ನಾಚಿಕೆಯಾಯಿತು, ಮುಖ ಕೆಂಪಗಾಯಿತು. ಮೇಡಂ ಆ ನಾಚಿಕೆಯನ್ನು ನೋಡಿದರು.

“ಟಿವಿ ಇಲ್ವಾ?”

“ಇಲ್ಲ ಮೇಡಂ.” ಆ ಗಳಿಗೆಗೆ ಅದು ಸತ್ಯವೇ.

“ಕೊಟ್ಟಿಗೆ ಕಾಣಿಸ್ತಲ್ಲ. ಹಸು ನಿಮ್ಮದಾ?”

ಇಲ್ಲಿ ಮಾತ್ರ ಸತ್ಯ ಕೈಗೆ ಸಿಗಲಿಲ್ಲ. “ನಮ್ಮತ್ತೇದು,” ಎಂದಳು ಇಂದ್ರಾಣಿ.

ಮೇಡಂ ಅವಳ ಕೊರಳು ನೋಡಿದರು. ಅರಿಶಿನದ ದಾರ ಬಿಟ್ಟರೆ ಏನೂ ಇರಲಿಲ್ಲ. ಶಶಿರೇಖಳನ್ನು ಹತ್ತಿರ ಕರೆದು ಓದಿ ಏನಾಗುತ್ತೀಯಾ ಎಂದು ಕೇಳಿದರು. ಹುಡುಗಿ ಅಮ್ಮನನ್ನು ನೋಡಿದಳು, ಬೀರು ಇದ್ದ ಕಡೆಯ ಧೂಳಿನ ಚೌಕವನ್ನು ನೋಡಿದಳು, ಆಮೇಲೆ ಲ್ಯಾಬ್ ಟೆಕ್ನೀಷಿಯನ್ ಎಂದಳು. ಮೇಡಂ ಎರಡು ಮೊಳೆಗಳ ಫೋಟೋ ತೆಗೆದುಕೊಂಡು ಹೋದರು.

ಸಾಮಾನೆಲ್ಲ ಸಂಜೆಯೊಳಗೇ ವಾಪಸ್ಸು ಬಂತು. ಸುಮಲತ ಕುರ್ಚಿಗಳನ್ನು ತೊಳೆದಿದ್ದಳು, ಫ್ಯಾನಿನ ರೆಕ್ಕೆ ಒರೆಸಿದ್ದಳು. ಕೇಳಿ ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಆ ಮನೆಗಳಲ್ಲಿ ಇಲ್ಲ. ಆರೂ ಲೋಟಗಳ ತಳಕ್ಕೆ ಒಂದೊಂದು ಚಮಚ ಸಕ್ಕರೆ ಹಾಕಿದ್ದಳು. ಅವಳ ಮನೆಯ ಡಬ್ಬಿಯಲ್ಲಿ ಎಷ್ಟು ಸಕ್ಕರೆ ಇರುತ್ತದೆಂದು ಇಂದ್ರಾಣಿಗೆ ಗೊತ್ತಿತ್ತು. ಸರವನ್ನು ಅರ್ಚನ ತಾನೇ ಬಿಚ್ಚಿ ದೊಡ್ಡಮ್ಮನ ಕೊರಳಿಗೆ ಹಾಕಿದಳು.

ಹದಿನೈದು ದಿನಕ್ಕೆ ಕದಿರಪ್ಪ ಮೇಷ್ಟ್ರು ಕಾಗದ ತಂದರು. ಶಶಿರೇಖಳ ಹೆಸರು.

“ಅಲ್ಲಮ್ಮ, ಸುಮಲತನ ಮನೇಲಿ ಟಿವಿ, ಬೀರು, ಬಂಗಾರ ಎಲ್ಲ ಐತೆ ಅಂತ ಮೇಡಂ ಬರ್ಕೊಂಡವ್ರೆ,” ಎಂದರು ಮೇಷ್ಟ್ರು, ಬೀದಿಯಲ್ಲೇ ಸ್ಕೂಟರ್ ಮೇಲೆ ಕೂತು. “ನಾನ್ ಎಷ್ಟೇಳಿದ್ರೂ ಫೋಟೋ ಐತಲ್ಲ ಅಂತಾರೆ. ನಾನ್ ಏಳಿದ್ದು ಏಳ್ಲಿಲ್ವಾ ನೀನು?”

“ಏಳ್ದೆ ಸಾರ್. ಅವಳು ಕೇಳ್ಬೇಕಲ್ಲ.”

“ಜಂಬ. ಒಟ್ಟೆಗಿಲ್ದಿದ್ರೂ ಜಂಬಕ್ಕೇನು ಕಮ್ಮಿ ಇಲ್ಲ ನಮ್ ಜನಕ್ಕೆ,” ಎಂದು ಮೇಷ್ಟ್ರು ಬೇಸರದಿಂದ ಸ್ಕೂಟರಿನ ಕಿಕ್ಕರ್ ಒದ್ದರು. “ಓಗ್ಲಿ, ನಿಮ್ಮನೆ ಮಗೂಗಾದ್ರೂ ಸಿಕ್ತಲ್ಲ.”

ಇಂದ್ರಾಣಿ ಕಾಗದವನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದಳು. ಬೇಕಾದದ್ದು ಕೈಗೆ ಬಂದಿತ್ತು. ನಾನು ಯಾರ ಹತ್ತಿರವೂ ಕಿತ್ತುಕೊಳ್ಳಲಿಲ್ಲ, ಕೊಟ್ಟೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ದಿನಕ್ಕೆ ನಾಲ್ಕು ಸಲ ಹೇಳಿಕೊಂಡಳು. ಈಗಲಾದರೂ ಸುಮಲತ ಬಂದು ಕೂಗಾಡಲಿ, ಮಣ್ಣು ತೂರಲಿ, ತನ್ನಂತೆಯೇ ಅವಳ ಮುಖವೂ ಹೊಟ್ಟೆಕಿಚ್ಚಿನಿಂದ ಕಪ್ಪಿಡುವುದನ್ನು ಒಂದು ಸಲ ನೋಡಬೇಕು ಎಂದು ಕಾದಳು.

ಸುಮಲತ ಬಂದಳು, ಕೈಯಲ್ಲಿ ಒಂದು ಹೊಸ ಬ್ಯಾಗು. ನೀಲಿ ಬಣ್ಣದ್ದು, ಚಕ್ರ ಇರುವಂಥದ್ದು. ಹಾಸ್ಟೆಲಿಗೆಂದು ಬಂಗಾರಪೇಟೆ ಸಂತೆಯಲ್ಲಿ ಅರ್ಚನಳಿಗೆ ಮುಂಚೆಯೇ ತಂದಿಟ್ಟಿದ್ದಳು.

“ಶಶಿ ಇಟ್ಕೊಳ್ಲಿ ಅಕ್ಕ. ನಮ್ಮುಡುಗಿಗೆ ಇನ್ ಯಾಕೆ,” ಎಂದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ತುಂಬಾ ಯೋಚನೆ ಮಾಡಿದವಳಂತೆ ಕೇಳಿದಳು. “ನಮ್ಮನೇಲಿ ಅವ್ರಿಗೆ ಏನ್ ಕಮ್ಮಿ ಆಯ್ತು ಅಂತೀಯಾ ಅಕ್ಕ? ಫ್ರಿಜ್ ಇರ್ಲಿಲ್ಲ ಅಂತಾನಾ? ಸಿಮೆಂಟ್ ಅಂಗಡಿ ಅಶ್ವತ್ಥಪ್ಪನ ಮನೇಲಿ ಕೇಳಿದ್ರೆ ಒಂದಿನಕ್ಕೆ ಕೊಡ್ತಿದ್ರೇನೋ. ನಂಗೇ ಬುದ್ಧಿ ಓಡ್ಲಿಲ್ಲ.”

ಇಂದ್ರಾಣಿ ಬ್ಯಾಗನ್ನು ಒಳಗೆಳೆದುಕೊಂಡಳು. ಈ ಹೆಂಗಸಿನ ಹೊಟ್ಟೆಯಲ್ಲಿ ಕಿಚ್ಚು ಅನ್ನುವುದನ್ನು ದೇವರು ಇಡಲೇ ಇಲ್ಲವೇ, ಎಲ್ಲವನ್ನೂ ನನಗೇ ಸುರಿದನೇ ಎಂದು ಅವಳಿಗೆ ಸಿಟ್ಟು ಬಂತು. ಆ ಒಂದು ಗಳಿಗೆ ಅವಳು ಸುಮಲತಳ ಮೇಲೆ ಪಟ್ಟ ಅಸೂಯೆಯಂಥದನ್ನು ಜನ್ಮದಲ್ಲಿ ಪಟ್ಟಿರಲಿಲ್ಲ. ಅಂಕಕ್ಕಲ್ಲ, ಅತ್ತೆಯ ಪ್ರೀತಿಗಲ್ಲ. ಅವಳು ಹಾಗೆ ನಿರಾಳವಾಗಿ ಹೊಸ್ತಿಲ ಮೇಲೆ ಕೂರಬಲ್ಲಳಲ್ಲ, ಅದಕ್ಕೆ.

ಅರ್ಚನ ಟೊಮ್ಯಾಟೊ ಬಿಡಿಸುವ ಕೂಲಿಗೆ ಅಮ್ಮನ ಜತೆ ಹೋಗತೊಡಗಿದಳು. ಬೆಳಿಗ್ಗೆ ಟೆಂಪೋ ಹತ್ತುವಾಗ ತಲೆಗೆ ಟವಲು ಸುತ್ತಿಕೊಂಡಿರುತ್ತಿದ್ದಳು. ಇಂದ್ರಾಣಿ ಆ ಹೊತ್ತಿಗೆ ಕೊಟ್ಟಿಗೆಯಲ್ಲೇ ಇರುವಂತೆ ನೋಡಿಕೊಂಡಳು. ಶಶಿರೇಖ ಸೋಮವಾರ ಹಾಸ್ಟೆಲಿಗೆ ಸೇರಬೇಕಿತ್ತು, ನೀಲಿ ಬ್ಯಾಗಿಗೆ ಒಂದೊಂದೇ ಬಟ್ಟೆ ಮಡಿಸಿ ಇಡುತ್ತಿದ್ದಳು. ಅಮ್ಮ ಮಗಳು ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಸುಮಲತ ಮತ್ತೆ ಬಂದಳು. ಈ ಸಲ ಮುಖ ಅರಳಿರಲಿಲ್ಲ, ಆದರೂ ನಗಲು ನೋಡಿದಳು.

“ಅಕ್ಕ, ಭಾನುವಾರ ವಿ.ಕೋಟೆ ಕಡೆಯಿಂದ ಬತ್ತಾರೆ, ಅರ್ಚನನ್ನ ನೋಡೋಕೆ. ಉಡುಗ ಲಾರಿ ಇಟ್ಕೊಂಡವ್ನೆ. ಈಗ ಬರೀ ಒಪ್ತಾಂಬೂಲ, ಮದ್ವೆ ಅದಿನೆಂಟು ತುಂಬಿದ್ಮೇಲೆ. ಓದಂತೂ ನಿಂತೋಯ್ತು, ಇನ್ ಮನೇಲಿಟ್ಕೊಂಡು ಏನ್ ಮಾಡ್ಲಿ ಇವ್ರಪ್ಪನ್ ಕಾಲು ನೋಡ್ಕೊಂಡು?” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಆ ನಾಲ್ಕು ಕುರ್ಚಿ ಕೊಡಕ್ಕ. ಲೋಟ. ಆಮೇಲೆ ಸರ. ಆವತ್ತು ಆ ಸರದಲ್ಲಿ ಎಷ್ಟು ಚೆಂದ ಕಾಣ್ತಿದ್ಲು ನಮ್ಮುಡುಗಿ.”

ಇಂದ್ರಾಣಿ ಕುರ್ಚಿಗಳನ್ನು ನೋಡಿದಳು. ಗೋಡೆಗೆ ಒಂದರ ಮೇಲೊಂದು ಪೇರಿಸಿದ್ದವು. ಅವುಗಳ ಮೇಲೆ ಕೂರಲು ವಿ.ಕೋಟೆಯಿಂದ ಜನ ಬರುತ್ತಾರೆ. ಅವೇ ಲೋಟಗಳಲ್ಲಿ ಕಾಫಿ ಕುಡಿಯುತ್ತಾರೆ. ಅರ್ಚನ ಅದೇ ಸರ ಹಾಕಿಕೊಂಡು, ಅದೇ ಜಾಗದಲ್ಲಿ, ತಲೆ ತಗ್ಗಿಸಿ ನಿಲ್ಲುತ್ತಾಳೆ. ಈ ಸಲ ಯಾರೂ ಇದು ಯಾರದು ಎಂದು ಕೇಳುವುದಿಲ್ಲ. ಪೋದುಂ ಪಾಪಾ. ಅಪ್ಪನ ದನಿ ಕಿವಿಯಲ್ಲಿ ಅಷ್ಟು ಹತ್ತಿರದಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು.

“ಕೊಡಲ್ಲ,” ಎಂದಳು.

ಸುಮಲತಳಿಗೆ ಅರ್ಥವಾಗಲಿಲ್ಲ. “ಏನಕ್ಕ?”

“ಕುರ್ಚಿ ಕೊಡಲ್ಲ. ಲೋಟನೂ ಕೊಡಲ್ಲ, ಸರನೂ ಕೊಡಲ್ಲ. ಏನೂ ಕೊಡಲ್ಲ ಓಗು.”

ಸುಮಲತ ಅವಳನ್ನೇ ನೋಡುತ್ತ ನಿಂತಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. ಅವಳು ಜಗಳ ಆಡಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ನನ್ ಮಗಳಿಗೆ ಒಂದು ಒಳ್ಳೇ ಸಂಬಂಧ ಬಂದ್ರೆ ನಿಂಗೂ ಒಟ್ಟೆ ಉರೀತದೆ ಅಂತ ಗೊತ್ತಿರ್ಲಿಲ್ಲ ಅಕ್ಕ,” ಎಂದು ಹೊರಟುಹೋದಳು.

ಹೊಟ್ಟೆ ಉರಿದು ಕೊಟ್ಟಾಗ ತಾಯಿಗಿಂತ ಹೆಚ್ಚು ಎಂದಿದ್ದಳು, ಈಗ ಹೀಗೆ ಎಂದಳು. ಇಂದ್ರಾಣಿಗೆ ನಗು ಬರುವಂತಾಯಿತು, ಬರಲಿಲ್ಲ. ಬೀರು ತೆಗೆದು ಕಾಗದ ಹೊರಗೆ ತಂದಳು. ಕೆಳಗಡೆ ಸುಕನ್ಯ ಮೇಡಂ ಅವರ ನಂಬರಿತ್ತು. ಒಂದೊಂದೇ ಅಂಕಿ ಒತ್ತಿದಳು. ಅಂಕಿ ಒತ್ತುವಾಗಲೂ ಕಿಚ್ಚು ಆರಿರಲಿಲ್ಲ, ಅದನ್ನು ಆರಿತು ಎಂದರೆ ಸುಳ್ಳಾದೀತು. ಅರ್ಚನ ಓದುತ್ತಾಳೆ, ಕೆಲಸ ಹಿಡಿಯುತ್ತಾಳೆ, ಮಾರಿಯಮ್ಮ ಮತ್ತೆ ಬೀದಿ ತುಂಬ ಸಕ್ಕರೆ ಹಂಚುತ್ತಾಳೆ, ನಾನು ಮತ್ತೆ ಅಂಗೈ ಒಡ್ಡಬೇಕು. ಎಲ್ಲ ಕಣ್ಣಿಗೆ ಕಟ್ಟಿತು. ಹೊಟ್ಟೆ ಭಗಭಗ ಉರಿಯಿತು. ಉರಿಯುತ್ತಲೇ ಹಸಿರು ಗುಂಡಿ ಒತ್ತಿದಳು.

“ಮೇಡಂ, ನಾನು ಚಿಕ್ಕನತ್ತದ ಶಶಿರೇಖನ ತಾಯಿ. ಆ ಟಿವಿ ನಮ್ದು ಮೇಡಂ.”

“ಯಾವ ಟಿವಿ?”

“ಅರ್ಚನನ ಮನೇಲಿ ಫೋಟೋ ತೆಗ್ದ್ರಲ್ಲ, ಆ ಟಿವಿ. ಬೀರುನೂ ನಮ್ದೇ. ಕುರ್ಚಿ ನಾಲ್ಕೂ ನಮ್ವೇ. ಸರ ನಂದು. ಅಸು ನಮ್ಮತ್ತೇದಲ್ಲ, ನಮ್ದು. ಅವ್ಳ ಗಂಡ ಮೇಸ್ತ್ರಿ ಅಲ್ಲ ಮೇಡಂ, ಕಾಲು ಮುರ್ಕೊಂಡು ಎರಡು ವರ್ಷದಿಂದ ಮನೇಲವ್ನೆ. ಮನೆ ಅಂಗೇ ಇರ್ಲಿ ಅಂತ ಮೇಷ್ಟ್ರು ಏಳಿ ಕಳ್ಸಿದ್ರು. ನಾನು ಅವ್ಳಿಗೆ ಏಳ್ಲಿಲ್ಲ.”

ಆ ಕಡೆ ಕಾಗದ ತಿರುವುವ ಸದ್ದು ಕೇಳಿಸಿತು. “ಊರಿಗೆ ಒಬ್ಬಳೇ ಹುಡುಗಿ ಅಂತ ನಿಮಗೆ ಗೊತ್ತಲ್ವಾ? ನಿಮ್ಮ ಮಗಳ ಸೀಟು ಹೋಗುತ್ತೆ.”

“ಗೊತ್ತು ಮೇಡಂ.”

“ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಹೇಳ್ತಿದ್ದೀರಾ?”

“ಭಾನುವಾರ ಅವ್ಳನ್ನ ನೋಡೋಕೆ ಗಂಡಿನ್ ಕಡೇರು ಬತ್ತಾವ್ರೆ ಮೇಡಂ. ಅವೇ ಕುರ್ಚಿ ಕೇಳೋಕೆ ಬಂದಿದ್ಲು.”

ಸೋಮವಾರದೊಳಗೆ ತಾನೇ ಇನ್ನೊಂದು ಸಲ ಬಂದು ನೋಡುತ್ತೇನೆ ಎಂದು ಮೇಡಂ ಫೋನಿಟ್ಟರು. ಇಂದ್ರಾಣಿ ತಿರುಗಿದರೆ ಹಿಂದೆ ಶಶಿರೇಖ ನಿಂತಿದ್ದಳು. ಎಷ್ಟು ಹೊತ್ತಿನ ಹಿಂದೆ ಬಂದಳೋ ಗೊತ್ತಿಲ್ಲ. ಅವಳು ನೀಲಿ ಬ್ಯಾಗನ್ನು ಚಾಪೆಯ ಮೇಲಿಟ್ಟು ಜಿಪ್ಪು ಎಳೆದಳು. ಮಡಿಸಿಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟಳು. ತಳದಲ್ಲಿದ್ದ ನೋಟ್‌ಬುಕ್ಕನ್ನೂ ತೆಗೆದಳು. ಬ್ಯಾಗನ್ನು ತಲೆಕೆಳಗು ಮಾಡಿ ಧೂಳು ಕೊಡವಿ, ಒದ್ದೆ ಬಟ್ಟೆಯಲ್ಲಿ ಚಕ್ರ ಒರೆಸಿ, ಬರಿದಾದ ಬ್ಯಾಗಿನ ಒಳಗೆ ಒಂದು ಸಲ ನೋಡಿದಳು.

ಆಮೇಲೆ ಅಮ್ಮನ ಕಡೆ ನೋಡದೆಯೇ ಕೇಳಿದಳು.

“ಸಕ್ಕರೆ ಡಬ್ಬಿ ಎಲ್ಲಿಟ್ಟಿದೀಯಮ್ಮ?”